ಅಖಂಡವು ಅಂಕೆಗೆ ಇಳಿಯುವ ಬಗೆ



ಘಟಪ್ರಭೆಯು ಸಹ್ಯಾದ್ರಿಯಿಂದ ಇಳಿದು ಬಂದು, ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಜಲಾಶಯವಾಗಿ ನಿಂತು, ಧೂಪದಾಳದ ಒಡ್ಡನ್ನು ದಾಟಿ, ಗೋಕಾಕದ ಬಂಡೆಯಂಚಿನಿಂದ ೫೨ ಮೀಟರ್ ಆಳಕ್ಕೆ ಧುಮುಕಿ, ಮುಂದೆ ಮೂಡಲಗಿ ಸೀಮೆಯ ಕಬ್ಬಿನ ಹೊಲಗಳ ಬದಿಯಲ್ಲಿ ಸೌಮ್ಯಳಾಗಿ ಸಾಗುವುದನ್ನು ಈ ಭಾಗದವರಾದ ನೀವೆಲ್ಲರೂ ಕಂಡವರೇ. ಶ್ರಾವಣ ಮಾಸದಲ್ಲಿ ಗೋಕಾಕದ ತೂಗುಸೇತುವೆಯ ಬಳಿ ನಿಂತು ಆ ಕೆಂಪು ನೀರಿನ ಪತನವನ್ನು ಎಷ್ಟು ಹೊತ್ತು ದಿಟ್ಟಿಸಿದರೂ, ಇಲ್ಲಿಗೆ ಒಂದು ಹನಿ ಮುಗಿಯಿತು, ಇಲ್ಲಿಂದ ಇನ್ನೊಂದು ಮೊದಲಾಯಿತು ಎಂದು ಬೆರಳಿಟ್ಟು ತೋರಿಸಬಹುದಾದ ಗೆರೆಯೊಂದು ಕಣ್ಣಿಗೆ ಬೀಳುವುದಿಲ್ಲ. ಅದು ಅಖಂಡ ಪ್ರವಾಹ. ಅದಕ್ಕೆ ಏರಿಕೆಯುಂಟು, ಇಳಿಕೆಯುಂಟು, ನಡುವೆ ಬಿರುಕೆಂಬುದಿಲ್ಲ.

ನಮ್ಮ ಇಂದ್ರಿಯಗಳಿಗೆ ಗೋಚರವಾಗತಕ್ಕ ವಿಷಯಗಳಲ್ಲಿ ಬಹುಪಾಲು ಈ ಹೊಳೆಯ ಜಾತಿಗೇ ಸೇರಿದವು. ಮುಂಜಾವಿನ ಚಳಿಯು ಮಧ್ಯಾಹ್ನದ ಬಿಸಿಲಿಗೆ ತಿರುಗುವಾಗ ಉಷ್ಣವು ಮೆಟ್ಟಿಲು ಹತ್ತಿದಂತೆ ನೆಗೆದು ಹೋಗುವುದಿಲ್ಲ. ಮೀಟಿದ ತಂಬೂರಿಯ ನಾದವು ಕ್ಷೀಣಿಸುವಾಗ ಯಾವ ಕ್ಷಣದಲ್ಲಿ ಅದು ಅರ್ಧಕ್ಕೆ ಇಳಿಯಿತೆಂಬುದನ್ನು ಕಿವಿಯು ಹೇಳಲಾರದು. ಈಗ ನಾನಾಡುತ್ತಿರುವ ಮಾತೂ ಹಾಗೆಯೇ. ನನ್ನ ಉಸಿರೆಬ್ಬಿಸಿದ ಗಾಳಿಯ ಅಲೆಯು ಎದುರಿಗಿರುವ ಧ್ವನಿಗ್ರಾಹಕದ ತೆಳುಪೊರೆಯನ್ನು ತಟ್ಟಿ ಅಲುಗಿಸುತ್ತದೆ. ಪೊರೆಯ ಅಲುಗಾಟಕ್ಕೆ ಸರಿಯಾಗಿ ತಂತಿಯಲ್ಲಿ ವಿದ್ಯುತ್ತಿನ ಒತ್ತಡವು ಏರಿಳಿಯುತ್ತದೆ. ಧ್ವನಿಯ ರೂಪವನ್ನು ವಿದ್ಯುತ್ತು ಹೀಗೆ ಅನುಸರಿಸುವುದರಿಂದಲೇ ಅದಕ್ಕೆ ಅನುರೂಪ ಸಂಕೇತವೆಂದು ಹೆಸರು. ರೂಢಿಯಲ್ಲಿ ಅನಲಾಗ್ ಸಂಕೇತವೆನ್ನುತ್ತೇವೆ. ಆದರೆ ಇಂದು ಮನೆಮನೆಯಲ್ಲಿರುವ ಮೊಬೈಲು, ದೂರದರ್ಶನದ ಸೆಟ್ ಟಾಪ್ ಬಾಕ್ಸು, ಗಣಕಯಂತ್ರ, ಇವೆಲ್ಲವೂ ಅಂಕಿಗಳನ್ನು ಮಾತ್ರ ಬಲ್ಲವು. ಅಖಂಡವಾದುದು ಅಂಕಿಯಾಗುವುದು ಹೇಗೆ, ಹಾಗಾಗುವಾಗ ಏನನ್ನು ಕಳೆದುಕೊಳ್ಳುತ್ತದೆ, ಏನನ್ನು ಗಳಿಸಿಕೊಳ್ಳುತ್ತದೆ ಎಂಬುದನ್ನು ಈ ಹೊತ್ತು ತಮ್ಮೊಡನೆ ವಿಚಾರಿಸಬೇಕೆಂದು ನನ್ನ ಅಪೇಕ್ಷೆ. ಅಂಕೆ ಎಂಬ ನಮ್ಮ ಮಾತಿಗೆ ಎಣಿಕೆಯ ಗುರುತು ಎಂಬುದೊಂದು ಅರ್ಥ, ಹತೋಟಿ ಎಂಬುದಿನ್ನೊಂದು ಅರ್ಥ. ಈ ವಿದ್ಯೆಯಲ್ಲಿ ಆ ಎರಡು ಅರ್ಥಗಳೂ ಒಂದಾಗಿ ಕೂಡಿವೆ.

ಮೊದಲು ಹೊಳೆಯ ದಂಡೆಗೇ ಹೋಗೋಣ. ಸೇತುವೆಯ ಕಂಬದ ಮೇಲೋ ದಂಡೆಯ ಕಲ್ಲಿನ ಮೇಲೋ ಮೀಟರು, ಸೆಂಟಿಮೀಟರುಗಳ ಗುರುತನ್ನು ಬರೆದ ಪಟ್ಟಿಯನ್ನು ತಾವು ನೋಡಿರಬಹುದು. ನಿಯುಕ್ತನಾದ ನೌಕರನೊಬ್ಬನು ನಿಗದಿಯಾದ ಹೊತ್ತಿಗೆ ಅಲ್ಲಿಗೆ ಬಂದು, ನೀರು ಯಾವ ಗೆರೆಯನ್ನು ಮುಟ್ಟಿದೆಯೆಂದು ನೋಡಿ, ವಹಿಯಲ್ಲಿ ಒಂದು ಅಂಕಿಯನ್ನು ಬರೆದುಕೊಂಡು ಹೋಗುತ್ತಾನೆ. ಆ ಮನುಷ್ಯನು ತನಗೆ ತಿಳಿಯದೆಯೇ ಎರಡು ಕಾರ್ಯಗಳನ್ನು ಮಾಡಿದನು. ನಿರಂತರವಾಗಿ ಹರಿಯುವ ಕಾಲದಿಂದ ಒಂದು ಕ್ಷಣವನ್ನು ಆಯ್ದುಕೊಂಡದ್ದು ಮೊದಲನೆಯದು. ಇದಕ್ಕೆ ಮಾದರಿ ಗ್ರಹಣವೆನ್ನೋಣ. ಎರಡು ಗೆರೆಗಳ ನಡುವೆ ಎಲ್ಲಿಯೋ ಇದ್ದ ನೀರಿನ ಮಟ್ಟವನ್ನು ಸಮೀಪದ ಒಂದು ಗೆರೆಗೆ ಹೊಂದಿಸಿಕೊಂಡದ್ದು ಎರಡನೆಯದು; ಇದಕ್ಕೆ ಪರಿಮಾಣ ನಿರ್ಣಯವೆನ್ನೋಣ. ಅನಲಾಗನ್ನು ಡಿಜಿಟಲ್ಲಾಗಿ ಪರಿವರ್ತಿಸುವ ಸಮಸ್ತ ಯಂತ್ರಗಳೂ, ಅವು ಎಷ್ಟೇ ಸೂಕ್ಷ್ಮವಾದವುಗಳಾಗಿರಲಿ, ಈ ನೌಕರನ ಎರಡು ಕೆಲಸಗಳನ್ನೇ ಅತಿವೇಗದಿಂದ ಮಾಡತಕ್ಕವು.

ಬೇಸಗೆಯಲ್ಲಿ ಹೊಳೆಯು ಮಂದವಾಗಿರುವಾಗ ದಿನಕ್ಕೊಂದು ಸಲ ನೋಡಿ ಬರೆದರೆ ಸಾಕು. ಆದರೆ ೨೦೧೯ರ ಆಗಸ್ಟ್ ತಿಂಗಳನ್ನು ನೆನೆಯಿರಿ. ಜಲಾಶಯವು ತುಂಬಿ ತುಳುಕಿ, ಹಿರಣ್ಯಕೇಶಿ ಮಾರ್ಕಂಡೇಯ ನದಿಗಳೂ ಉಕ್ಕಿ, ಲೋಳಸೂರ ಸೇತುವೆ ನೀರಿನಲ್ಲಿ ಮುಳುಗಿ, ಗೋಕಾಕ ಪಟ್ಟಣದ ಕೆಳಗಿನ ಓಣಿಗಳ ಜನರು ಮನೆಮಾರು ಬಿಟ್ಟು ಏರಬೇಕಾದ ಆ ದಿನಗಳಲ್ಲಿ, ಬೆಳಗಿನ ಎಂಟು ಗಂಟೆಗೊಮ್ಮೆ ನೋಡಿ ಮರುದಿನ ಎಂಟು ಗಂಟೆಗೆ ಮತ್ತೆ ನೋಡುತ್ತೇನೆ ಎನ್ನುವವನ ವಹಿಯಿಂದ ಯಾರಿಗೆ ಏನು ಪ್ರಯೋಜನ? ನಡುರಾತ್ರಿಯಲ್ಲಿ ಏರಿ ನಸುಕಿನಲ್ಲಿ ಇಳಿದುಹೋದ ಪ್ರವಾಹವು ಅವನ ಪುಸ್ತಕದಲ್ಲಿ ಸಂಭವಿಸಲೇ ಇಲ್ಲ. ಆದುದರಿಂದಲೇ ಮಳೆಗಾಲದಲ್ಲಿ ತಾಸುತಾಸಿಗೆ ಮಟ್ಟವನ್ನು ಬರೆಯುವ ಪದ್ಧತಿಯುಂಟು. ಯಾವ ವಸ್ತುವು ಎಷ್ಟು ಶೀಘ್ರವಾಗಿ ಬದಲಾಗುತ್ತದೆಯೋ ಅದನ್ನು ಅಷ್ಟು ಶೀಘ್ರವಾಗಿ ನೋಡುತ್ತಿರಬೇಕು. ಇದು ಈ ವಿದ್ಯೆಯ ಮೊದಲನೆಯ ವ್ರತ.

ಹಾಗಾದರೆ ಎಷ್ಟು ಶೀಘ್ರವಾಗಿ ನೋಡಿದರೆ ಸಾಕು? ಈ ಪ್ರಶ್ನೆಗೆ ಅಮೆರಿಕೆಯ ಹ್ಯಾರಿ ನೈಕ್ವಿಸ್ಟ್ ಎಂಬ ಎಂಜಿನಿಯರನು ೧೯೨೮ರಲ್ಲಿ ತಂತಿವಾರ್ತೆಯ ವಿಚಾರವಾಗಿ ಬರೆದ ಪ್ರಬಂಧದಲ್ಲಿ ದಾರಿಯನ್ನು ತೋರಿಸಿದನು. ರಷ್ಯದ ಕೊಟೆಲ್ನಿಕೋವನು ೧೯೩೩ರಲ್ಲಿ, ಕ್ಲಾಡ್ ಶ್ಯಾನನ್ನನು ೧೯೪೯ರಲ್ಲಿ ಅದನ್ನು ಪ್ರಮೇಯವಾಗಿ ಸ್ಥಾಪಿಸಿದರು. ಸಂಕೇತದಲ್ಲಿರುವ ಅತ್ಯಂತ ಶೀಘ್ರವಾದ ಕಂಪನ ಸೆಕೆಂಡಿಗೆ ಎಷ್ಟೋ, ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಮಾದರಿಯನ್ನು ತೆಗೆದರೆ, ಆ ಬಿಡಿಬಿಡಿ ಮಾದರಿಗಳಿಂದ ಮೂಲದ ಅಖಂಡವನ್ನು ಮತ್ತೆ ಪೂರ್ಣವಾಗಿ ಕಟ್ಟಬಹುದೆಂಬುದೇ ಆ ಪ್ರಮೇಯದ ತಾತ್ಪರ್ಯ. ಎರಡು ಮಾದರಿಗಳ ನಡುವಿನದು ಶಾಶ್ವತವಾಗಿ ಕಳೆದುಹೋಯಿತಲ್ಲ ಎಂದು ನಮ್ಮಲ್ಲಿ ಅನೇಕರು ಸಂದೇಹಪಡುವುದುಂಟು; ನಿಯಮವನ್ನು ಪಾಲಿಸಿದಲ್ಲಿ ಆ ಸಂದೇಹಕ್ಕೆ ಆಸ್ಪದವಿಲ್ಲ.

ಇದರ ಸಾಕ್ಷ್ಯವು ನಮ್ಮ ಬೆಳಗಾವಿ ಜಿಲ್ಲೆಯಲ್ಲಿಯೇ ಇದೆ. ೧೯೮೪ರಲ್ಲಿ ಸ್ಥಾಪಿತವಾದ ಸಿ-ಡಾಟ್ ಎಂಬ ರಾಷ್ಟ್ರೀಯ ಸಂಸ್ಥೆಯು ಹಳ್ಳಿಗಾಡಿಗಾಗಿ ನಿರ್ಮಿಸಿದ ಪ್ರಥಮ ಡಿಜಿಟಲ್ ದೂರವಾಣಿ ವಿನಿಮಯ ಕೇಂದ್ರವು ೧೯೮೬ರ ಜುಲೈ ತಿಂಗಳಿನಲ್ಲಿ ಪ್ರಾರಂಭವಾದದ್ದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ೧೨೮ ದ್ವಾರಗಳ ಆ ಪುಟ್ಟ ಯಂತ್ರವು, ತಂಪು ಮಾಡುವ ಸಲಕರಣೆಯ ಹಂಗಿಲ್ಲದೆ, ನಮ್ಮ ಬಿಸಿಲನ್ನೂ ಧೂಳನ್ನೂ ತಾಳಿಕೊಂಡು ಕೆಲಸಮಾಡುವಂತೆ ರಚಿತವಾಗಿತ್ತು. ಟ್ರಂಕ್ ಕಾಲ್ ಹಚ್ಚಿಸಿ ಗಂಟೆಗಟ್ಟಲೆ ಕಾದು, ಕೊನೆಗೆ ದೊರೆತ ಸಂಪರ್ಕದಲ್ಲಿ ಗಂಟಲು ಹರಿಯುವಂತೆ ಕೂಗಿದ ಕಾಲವನ್ನು ಬಲ್ಲವರಿಗೆ ಈ ಸಂಗತಿಯ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ. ಮನೆಯಿಂದ ವಿನಿಮಯ ಕೇಂದ್ರದವರೆಗೆ ಮಾತು ತಾಮ್ರದ ತಂತಿಯಲ್ಲಿ ಅಖಂಡವಾಗಿಯೇ ಬರುತ್ತಿತ್ತು. ಕೇಂದ್ರವನ್ನು ಹೊಕ್ಕ ಕೂಡಲೇ ಅದು ಅಂಕಿಯಾಗುತ್ತಿತ್ತು. ದೂರವಾಣಿಯಲ್ಲಿ ಸಾಗಿಸುವ ಮಾತಿನ ಕಂಪನಗಳು ಸೆಕೆಂಡಿಗೆ ಸುಮಾರು ೩೦೦ರಿಂದ ೩,೪೦೦ರವರೆಗಿನವು. ಆದುದರಿಂದ ಸೆಕೆಂಡಿಗೆ ೮,೦೦೦ ಮಾದರಿಗಳನ್ನು ತೆಗೆಯುವುದು ಜಗತ್ತಿನಾದ್ಯಂತ ಡಿಜಿಟಲ್ ದೂರವಾಣಿಯ ಸಂಪ್ರದಾಯವಾಯಿತು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಸೆಕೆಂಡಿಗೆ ೮,೦೦೦ ಸಲ ನೋಡುವ ಯಂತ್ರಕ್ಕೆ ೫,೦೦೦ ಕಂಪನಗಳ ಸ್ವರವೊಂದು ಸಿಕ್ಕಿದರೆ, ಅದು ಸುಮ್ಮನೆ ಬಿಟ್ಟುಹೋಗುವುದಿಲ್ಲ. ೩,೦೦೦ ಕಂಪನಗಳ ಸ್ವರದ ವೇಷವನ್ನು ತೊಟ್ಟುಕೊಂಡು ಒಳಗೆ ಬಂದು ಕೂಡುತ್ತದೆ. ಸಿನಿಮಾದ ಪರದೆಯ ಮೇಲೆ ಮುಂದಕ್ಕೆ ಓಡುವ ಬಂಡಿಯ ಗಾಲಿಯು ಹಿಂದಕ್ಕೆ ತಿರುಗಿದಂತೆ ಕಾಣುವುದೂ ಈ ವೇಷಾಂತರದ ಪರಿಣಾಮವೇ. ಒಮ್ಮೆ ಒಳಗೆ ಬಂದ ಈ ಸುಳ್ಳು ಸ್ವರವನ್ನು ನಿಜವಾದ ಸ್ವರದಿಂದ ಬೇರ್ಪಡಿಸುವ ಉಪಾಯವಿಲ್ಲ. ಆದುದರಿಂದ ಮಾದರಿಯನ್ನು ತೆಗೆಯುವ ಮೊದಲೇ, ಅಳತೆಗೆ ಸಿಕ್ಕದಷ್ಟು ಶೀಘ್ರವಾದ ಕಂಪನಗಳನ್ನು ಹೊರಗೆ ನಿಲ್ಲಿಸುವ ಜಾಲರಿಯೊಂದನ್ನು ಇಡುತ್ತಾರೆ. ಸೋಸಿ ಅಳೆಯಬೇಕು, ಅಳೆದ ಮೇಲೆ ಸೋಸಿದರೆ ಬಾರದು.

ಇನ್ನು ಎರಡನೆಯ ಕಾರ್ಯವಾದ ಪರಿಮಾಣ ನಿರ್ಣಯವು ನಡೆಯುವ ಬಗೆಯನ್ನು ನೋಡೋಣ. ಅನೇಕ ಯಂತ್ರಗಳಲ್ಲಿ ಇದು ನಮ್ಮ ಅಂಗಡಿಕಾರನ ತಕ್ಕಡಿಯಂತೆಯೇ ನಡೆಯುತ್ತದೆ. ಒಂದು ಬೆಲ್ಲದ ಪೆಂಟೆಯನ್ನು ತೂಗಬೇಕಾಗಿದೆ. ವರ್ತಕನ ಬಳಿ ೮, ೪, ೨, ೧ ಕಿಲೋಗಳ ನಾಲ್ಕೇ ಕಲ್ಲುಗಳಿವೆ ಎಂದುಕೊಳ್ಳಿರಿ. ಮೊದಲು ಎಂಟರ ಕಲ್ಲನ್ನಿಡುತ್ತಾನೆ; ಬೆಲ್ಲದ ಪರಡಿ ಇನ್ನೂ ಕೆಳಗೇ ಇದೆ; ಕಲ್ಲು ಇರಲಿ. ನಾಲ್ಕರ ಕಲ್ಲನ್ನು ಕೂಡಿಸುತ್ತಾನೆ, ಕಲ್ಲಿನ ಪರಡಿ ವಾಲಿತು, ಅದನ್ನು ತೆಗೆಯುತ್ತಾನೆ. ಎರಡರದನ್ನು ಇಡುತ್ತಾನೆ, ಅದು ನಿಂತಿತು. ಒಂದರದನ್ನು ಇಡುತ್ತಾನೆ, ಅದೂ ನಿಂತಿತು. ತೂಕವು ಹನ್ನೊಂದು ಕಿಲೋ, ಮೇಲೆ ಕಲ್ಲಿಗೆ ನಿಲುಕದ ಒಂದು ಚೂರು. ನಿಂತ ಕಲ್ಲಿಗೆ ೧, ತೆಗೆದ ಕಲ್ಲಿಗೆ ೦ ಎಂದು ಸಾಲಾಗಿ ಬರೆದರೆ ೧೦೧೧ ಎಂದಾಗುತ್ತದೆ. ಇದೇ ಆ ಪೆಂಟೆಯ ಡಿಜಿಟಲ್ ರೂಪ. ಯಂತ್ರದಲ್ಲಿ ಬೆಲ್ಲದ ಸ್ಥಾನದಲ್ಲಿ ಬರುವುದು ವಿದ್ಯುತ್ತಿನ ಒತ್ತಡ. ಕಲ್ಲುಗಳ ಸ್ಥಾನದಲ್ಲಿ ಒಂದಕ್ಕೊಂದು ಅರ್ಧವಾದ ಒತ್ತಡಗಳು. ತಕ್ಕಡಿಯ ಮುಳ್ಳಿನ ಸ್ಥಾನದಲ್ಲಿ ಯಾವುದು ಹೆಚ್ಚು, ಯಾವುದು ಕಡಿಮೆ ಎಂಬುದನ್ನಷ್ಟೇ ಹೇಳಬಲ್ಲ ಹೋಲಿಕೆಯ ಮಂಡಲ. ಗಾಳಿಗೆ ಅಲುಗುವ ತಕ್ಕಡಿಯಲ್ಲಿ ತೂಕ ನಿಲ್ಲದೆಂದು ವರ್ತಕನು ಕೈಯನ್ನು ಅಡ್ಡ ಹಿಡಿಯುವಂತೆ, ತೂಗಿ ಮುಗಿಯುವವರೆಗೆ ಆ ಕ್ಷಣದ ಒತ್ತಡವನ್ನು ಸಣ್ಣದೊಂದು ವಿದ್ಯುದ್ಧಾರಕದಲ್ಲಿ ಹಿಡಿದು ನಿಲ್ಲಿಸಿರುತ್ತಾರೆ.

ಎರಡೇ ಚಿಹ್ನೆಗಳಿಂದ ಸಮಸ್ತವನ್ನೂ ಬರೆಯುವ ಈ ಕ್ರಮವು ನಮ್ಮ ಛಂದಶ್ಶಾಸ್ತ್ರವನ್ನು ಓದಿದವರಿಗೆ ಅಪರಿಚಿತವಲ್ಲ. ಪಿಂಗಲನು ಹೇಳಿದ, ಕನ್ನಡದಲ್ಲಿ ನಾಗವರ್ಮನು ಛಂದೋಂಬುಧಿಯಲ್ಲಿ ವಿವರಿಸಿದ ಪ್ರಸ್ತಾರದಲ್ಲಿ ಗುರು ಲಘುಗಳೆಂಬ ಎರಡೇ ಗುರುತುಗಳು. ನಾಲ್ಕು ಅಕ್ಷರಗಳ ಪಾದಕ್ಕೆ ೧೬ ಭೇದಗಳು. ಎಂಟು ಅಕ್ಷರಗಳ ಪಾದಕ್ಕೆ ೨೫೬. ದೂರವಾಣಿಯಲ್ಲಿಯೂ ಒಂದೊಂದು ಮಾದರಿಗೆ ಎಂಟು ಸ್ಥಾನಗಳು. ಆದ್ದರಿಂದ ದನಿಯ ಏರಿಳಿತಕ್ಕೆ ೨೫೬ ಮೆಟ್ಟಿಲುಗಳು. ಮೆಲುದನಿಯ ಸೂಕ್ಷ್ಮವು ಕೆಡದಿರಲೆಂದು ಕೆಳಗಿನ ಮೆಟ್ಟಿಲುಗಳನ್ನು ಒತ್ತೊತ್ತಾಗಿಯೂ ಮೇಲಿನವನ್ನು ದೂರದೂರವಾಗಿಯೂ ಕಟ್ಟುತ್ತಾರೆ. ೮,೦೦೦ ಮಾದರಿಗಳನ್ನು ಎಂಟರಿಂದ ಗುಣಿಸಿದರೆ ಒಂದು ಮಾತುಕತೆಗೆ ಸೆಕೆಂಡಿಗೆ ೬೪,೦೦೦ ಚಿಹ್ನೆಗಳಾದವು. ಸಂಗೀತಕ್ಕೆ ಇಷ್ಟು ಸಾಲದು. ೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಸೆಕೆಂಡಿಗೆ ೪೪,೧೦೦ ಮಾದರಿಗಳು, ಒಂದೊಂದಕ್ಕೆ ೧೬ ಸ್ಥಾನಗಳು, ೬೫,೫೩೬ ಮೆಟ್ಟಿಲುಗಳು. ಮೆಟ್ಟಿಲು ಸಣ್ಣದಾದಷ್ಟೂ ಕಲ್ಲಿಗೆ ನಿಲುಕದೆ ಉಳಿಯುವ ಚೂರು ಸಣ್ಣದಾಗುತ್ತದೆ. ಮೆಟ್ಟಿಲು ಸಾಕಷ್ಟು ಸಣ್ಣದಿರಬೇಕೆಂಬುದು ಎರಡನೆಯ ವ್ರತ.

ಇಷ್ಟೆಲ್ಲ ಶ್ರಮಪಟ್ಟು ಅಖಂಡವನ್ನು ತುಂಡರಿಸಿ ಗಳಿಸಿದ್ದೇನು? ೧೯೩೮ರಲ್ಲಿ ಪ್ಯಾರಿಸ್ಸಿನಲ್ಲಿ ಕೆಲಸಮಾಡುತ್ತಿದ್ದ ಅಲೆಕ್ ರೀವ್ಸ್ ಎಂಬ ಆಂಗ್ಲ ಎಂಜಿನಿಯರನು ಮಾತನ್ನು ಅಂಕಿಗಳಾಗಿ ಕಳುಹಿಸುವ ಕ್ರಮಕ್ಕೆ ಹಕ್ಕುಪತ್ರವನ್ನು ಪಡೆಯಲು ಮುಂದಾದಾಗ, ಅವನಿಗೆ ಪ್ರೇರಣೆಯಾದದ್ದು ತಂತಿಯ ಗದ್ದಲ. ದೂರ ಹೋದಂತೆಲ್ಲ ಸಂಕೇತವು ಸೊರಗುತ್ತದೆ. ನಡುನಡುವೆ ಅದನ್ನು ಹಿಗ್ಗಿಸಿದರೆ ಅದರೊಡನೆ ಸೇರಿಕೊಂಡ ಗದ್ದಲವೂ ಹಿಗ್ಗುತ್ತದೆ. ಅಂಕಿಯಲ್ಲಾದರೋ ತಿಳಿಯಬೇಕಾದುದು ಬಂದದ್ದು ಒಂದೋ ಸೊನ್ನೆಯೋ ಎಂಬುದಿಷ್ಟೇ. ಮಸುಕಾಗಿ ಬಂದರೂ ಅದನ್ನು ಗುರುತಿಸಿ, ಹೊಸದಾಗಿ ಸ್ಫುಟವಾಗಿ ಬರೆದು ಮುಂದಕ್ಕೆ ಕಳುಹಿಸಬಹುದು. ಧಾರವಾಡದ ಆಕಾಶವಾಣಿಯು ೧೯೫೦ರ ಜನವರಿ ೮ರಂದು ಪ್ರಾರಂಭವಾದಂದಿನಿಂದ ಅದರ ಮಧ್ಯಮ ತರಂಗಗಳಿಗೆ ಕಿವಿಯಿಟ್ಟು ಬಂದ ನಮ್ಮ ಸೀಮೆಯ ಹಿರಿಯರಿಗೆ, ಮುಂಗಾರಿನ ಮಿಂಚು ಹೊಳೆದಾಗಲೆಲ್ಲ ಹಾಡಿನ ನಡುವೆ ಗರಗರ ಸದ್ದು ನುಗ್ಗುತ್ತಿದ್ದುದು ನೆನಪಿರಬೇಕು. ಅಖಂಡ ಸಂಕೇತಕ್ಕೆ ಅಂಟಿದ ಆ ಕಲೆಯನ್ನು ತೊಳೆಯುವುದು ದುಸ್ಸಾಧ್ಯ. ಟೇಪಿನಿಂದ ಟೇಪಿಗೆ ನಕಲು ಮಾಡಿದಂತೆಲ್ಲ ಹಾಡು ಮಾಸುತ್ತದೆ. ಅಂಕಿಯ ನೂರನೆಯ ನಕಲು ಮೊದಲನೆಯದರಷ್ಟೇ ಶುದ್ಧ.

ಆದರೆ ಅಂಕಿಯನ್ನು ಕಂಡ ಮಾತ್ರಕ್ಕೆ ಅದು ಸತ್ಯವೆಂದು ನಂಬಿ ಕೂಡುವುದೂ ತರವಲ್ಲ. ಕಬ್ಬಿನ ಹಂಗಾಮಿನಲ್ಲಿ ಮೂಡಲಗಿಯ ಕಡೆಯ, ಗಾಡಿ ತೂಗುವ ಒಂದು ಕಾಟಾದ ಬಳಿ ನಿಂತಿದ್ದೆನು. ಎರಡು ಡಬ್ಬಿಗಳ ಟ್ರ್ಯಾಕ್ಟರೊಂದು ಕಾಟಾವನ್ನು ಏರಿತು; ಕೋಣೆಯೊಳಗೆ ಕೆಂಪು ಅಂಕಿಗಳು ಓಡಿ ಓಡಿ ನಿಂತವು. ವೃದ್ಧ ರೈತರೊಬ್ಬರು ಕನ್ನಡಕವನ್ನು ಸರಿಪಡಿಸಿಕೊಂಡು ನೋಡಿ, “ಮಾಸ್ತರ, ಈ ಮಿಶಿನ್ನಿನಾಗ ಯಾವಾಗ ನೋಡಿದ್ರೂ ಕಡೀಕ ಸೊನ್ನೀನ ಯಾಕ ಬರತೈತ್ರಿ? ನನ್ನ ಕಬ್ಬಿನ ಭಾರಕ್ಕ ಒಂದು, ಮೂರು, ಏಳು ಅಂತ ಕಡೀ ಅಂಕಿ ಇರೂದ ಇಲ್ಲೇನ್ರಿ?” ಎಂದು ಕೇಳಿದರು. ನಾನು ಅದುವರೆಗೆ ಎಷ್ಟೋ ಸಲ ಕಂಡೂ ಯೋಚಿಸದಿದ್ದ ಪ್ರಶ್ನೆ ಅದು.

ಅವರಿಗೆ ನಾನು ಹೇಳಿದ್ದನ್ನು ತಮಗೂ ಹೇಳುತ್ತೇನೆ. ಕಾಟಾದ ಹಲಗೆಯ ಕೆಳಗೆ ಉಕ್ಕಿನ ತುಂಡುಗಳಿವೆ. ಲೋಡ್ ಸೆಲ್ಲೆಂದು ಅವುಗಳ ಹೆಸರು. ಅವುಗಳ ಮೈಗೆ ಕೂದಲೆಳೆಗಿಂತ ತೆಳುವಾದ ಲೋಹದ ಜಾಲವನ್ನು ಅಂಟಿಸಿರುತ್ತಾರೆ. ಭಾರ ಬಿದ್ದಾಗ ಉಕ್ಕು ಕಣ್ಣಿಗೆ ಕಾಣದಷ್ಟು ಮಣಿಯುತ್ತದೆ. ಅದರೊಡನೆ ಜಾಲವೂ ಹಿಗ್ಗಿ ಕುಗ್ಗಿ, ಅದರ ವಿದ್ಯುತ್ ಪ್ರತಿರೋಧವು ತುಸು ಬದಲಾಗಿ, ಸಾವಿರದಲ್ಲೊಂದು ವೋಲ್ಟಿನ ಲೆಕ್ಕದಲ್ಲಿ ಅಳೆಯಬೇಕಾದ ಸಣ್ಣ ಒತ್ತಡವೊಂದು ಹುಟ್ಟುತ್ತದೆ. ಇಲ್ಲಿಯವರೆಗೆ ಎಲ್ಲವೂ ಅಖಂಡ. ಆ ಒತ್ತಡವನ್ನು ತೂಗಿ ಅಂಕಿಯಾಗಿಸುವ ಮೆಟ್ಟಿಲನ್ನು, ಇಷ್ಟು ದೊಡ್ಡ ಕಾಟಾಗಳಲ್ಲಿ ಸಾಮಾನ್ಯವಾಗಿ ಹತ್ತು ಕಿಲೋ ಇಲ್ಲವೆ ಇಪ್ಪತ್ತು ಕಿಲೋ ಎಂದು ಇಟ್ಟಿರುತ್ತಾರೆ. ಹತ್ತರ ಮೆಟ್ಟಿಲಾದರೆ ೧೩,೪೫೭ ಕಿಲೋ ಇದ್ದದ್ದು ೧೩,೪೬೦ ಆಗುತ್ತದೆ. ೧೩,೪೫೩ ಇದ್ದದ್ದು ೧೩,೪೫೦ ಆಗುತ್ತದೆ. ಒಂದು ತೂಕದಲ್ಲಿ ಹೆಚ್ಚೆಂದರೆ ಐದು ಕಿಲೋದ ವ್ಯತ್ಯಾಸ. ಅದು ಒಮ್ಮೆ ರೈತನ ಕಡೆಗೆ, ಒಮ್ಮೆ ಕೊಳ್ಳುವವರ ಕಡೆಗೆ ವಾಲುತ್ತದೆ. ಕೊನೆಯ ಸೊನ್ನೆಯಲ್ಲಿ ಕಪಟವಿಲ್ಲ.

ಆದರೆ ಯಂತ್ರಕ್ಕೆ ಒಂದು ಟನ್ನು ಎಂದರೆ ಎಷ್ಟು ಎಂಬುದನ್ನು ಮೊದಲು ಕಲಿಸಿಕೊಟ್ಟವನು ಮನುಷ್ಯ. ತಿಳಿದ ಭಾರವನ್ನು ಅದರ ಮೇಲೆ ಇಟ್ಟು, ಅದು ತೋರಿಸುವ ಅಂಕಿಯನ್ನು ಆ ಭಾರಕ್ಕೆ ಸರಿಹೊಂದಿಸಬೇಕು. ಕಾಲಕಾಲಕ್ಕೆ ಮತ್ತೆ ಪರೀಕ್ಷಿಸಬೇಕು. ಕಾನೂನು ಮಾಪನಶಾಸ್ತ್ರ ಇಲಾಖೆಯವರು ಪರೀಕ್ಷಿಸಿ ಮುದ್ರೆಯನ್ನು ಹಾಕುವುದು ಇದಕ್ಕಾಗಿಯೇ. ಕಲಿಸಿದ ಪಾಠವೇ ತಪ್ಪಾಗಿದ್ದರೆ ಅಂಕಿಯು ಎಷ್ಟು ಕೆಂಪಗೆ ಹೊಳೆದರೂ ಅದು ಹೊಳೆಯುವ ಅಸತ್ಯವೇ. ಇಷ್ಟನ್ನೂ ತಾಳ್ಮೆಯಿಂದ ಕೇಳಿದ ಆ ಹಿರಿಯರು, “ಹಂಗಾದ್ರ ಮುದ್ರಿ ನೋಡೇ ಗಾಡಿ ಕಾಟಾಕ ಹತ್ತಿಸಬೇಕನ್ರಿ” ಎಂದರು. ಈ ವಿದ್ಯೆಯ ಮೂರನೆಯ ವ್ರತವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ನನ್ನಿಂದಾಗದು. ತಕ್ಕ ಸಮಯಕ್ಕೆ ನೋಡಬೇಕು. ತಕ್ಕಷ್ಟು ಸೂಕ್ಷ್ಮವಾಗಿ ಅಳೆಯಬೇಕು. ಅಳೆಯುವ ಕೋಲು ಸಾಚಾ ಇರಬೇಕು.

ಇವುಗಳಲ್ಲಿ ತಕ್ಕ ಸಮಯವೆಂಬ ಮಾತನ್ನು ಹಿಡಿದು ಒಂದು ವಿಜ್ಞಾಪನೆಯನ್ನು ಮಾಡಿ ಮುಗಿಸುತ್ತೇನೆ. ಕುಲಗೋಡ ತಮ್ಮಣ್ಣನಿಂದ ರಂಗಕ್ಕೇರಿದ ಶ್ರೀಕೃಷ್ಣ ಪಾರಿಜಾತವೆಂಬ ಆಟವು ನಮ್ಮ ಈ ಸೀಮೆಯ ಆಸ್ತಿ. ಕೌಜಲಗಿಯ ನಿಂಗಮ್ಮನವರ ಹೆಸರು ಅದರೊಡನೆ ಎಂದೆಂದಿಗೂ ಬೆಸೆದುಕೊಂಡಿದೆ. ಬೆಳತನಕ ನಡೆಯುವ ಆ ಆಟದಲ್ಲಿ ಸತ್ಯಭಾಮೆಯ ಮುನಿಸು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ಆಗುವ ಹೃದಯದ ಕಂಪನವು, ನಾನು ಮೊದಲು ಹೇಳಿದ ಹೊಳೆಯಂತೆ, ಎಲ್ಲಿಯೂ ಕಡಿಯದ ಅಖಂಡ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಊರೂರುಗಳಲ್ಲಿ ಪಾರಿಜಾತದ, ಭಜನೆಯ, ಬೀಸುವ ಹಾಡಿನ ದನಿಗಳು ಕ್ಯಾಸೆಟ್ಟುಗಳಲ್ಲಿ ಉಳಿದಿವೆ. ನಾನೇ ಒಬ್ಬ ಸ್ನೇಹಿತರ ಮನೆಯಲ್ಲಿ, ಟ್ರಂಕಿನ ತಳದಲ್ಲಿ ಹಳೆಯ ಪತ್ತಲದಲ್ಲಿ ಸುತ್ತಿಟ್ಟ ಅಂಥದೊಂದು ಕ್ಯಾಸೆಟ್ಟನ್ನು ಕಂಡೆನು. ಅವರ ತೀರಿಹೋದ ಅಜ್ಜಿಯ ದನಿ ಅದರಲ್ಲಿತ್ತು. ಯಂತ್ರಕ್ಕೆ ಹಾಕಿದಾಗ ಟೇಪಿನ ಕಂದು ಪುಡಿ ಉದುರಿ ಯಂತ್ರದ ತಲೆಗೆ ಮೆತ್ತಿಕೊಂಡಿತು. ಎರಡು ನುಡಿ ಕೇಳಿಸಿ, ಮೂರನೆಯದು ನೀರಿನೊಳಗಿಂದ ಬಂದಂತೆ ಮಸುಕಾಯಿತು. ಅಲ್ಲಿ ಕಳೆದುಹೋದುದನ್ನು ಯಾವ ಪ್ರಮೇಯವೂ ಮರಳಿ ಕಟ್ಟಿಕೊಡಲಾರದು. ಅಳೆಯದೆ ಬಿಟ್ಟುದನ್ನು ಅಂಕಿಯು ನೆನಪಿಡುವುದಿಲ್ಲ.

ಆದುದರಿಂದ, ಪ್ರಿಯ ಶ್ರೋತೃಗಳೇ, ನಿಮ್ಮ ಮನೆಯಲ್ಲಿ ಇಂಥ ಟೇಪುಗಳಿದ್ದರೆ, ಅವುಗಳನ್ನು ಇಂದೇ ಹೊರತೆಗೆಯಿರಿ. ಬಲ್ಲವರ ಕೈಯಲ್ಲಿ, ತಲೆಯನ್ನು ಶುಚಿಗೊಳಿಸಿದ ಯಂತ್ರದಿಂದ, ಅಂಕಿಗೆ ಇಳಿಸಿಕೊಳ್ಳಿರಿ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವು ಹೇಳುವಂತೆ ಸೆಕೆಂಡಿಗೆ ೪೮,೦೦೦ಕ್ಕೆ ಕಡಿಮೆಯಿಲ್ಲದ ಮಾದರಿಗಳೂ, ಒಂದೊಂದಕ್ಕೆ ೨೪ ಸ್ಥಾನಗಳೂ ಇರಲಿ. ಜಾಗ ಉಳಿಸುವ ಆಸೆಗೆ ಕುಗ್ಗಿಸದೆ, ಪೂರ್ಣರೂಪದಲ್ಲಿಯೇ ಇರಿಸಿರಿ. ಒಂದು ಪ್ರತಿಯನ್ನು ಮನೆಯಲ್ಲಿಯೂ ಇನ್ನೊಂದನ್ನು ಬೇರೆಡೆಯಲ್ಲಿಯೂ ಇಡಿರಿ. ಹಾಡಿದವರ ಹೆಸರನ್ನೂ ಊರನ್ನೂ ತೇದಿಯನ್ನೂ ಒಂದು ಚೀಟಿಯಲ್ಲಿ ಬರೆದು ಜೊತೆಗಿರಿಸಿರಿ. ಇನ್ನೂ ಹಾಡಬಲ್ಲ ಹಿರಿಯರು ನಿಮ್ಮೂರಿನಲ್ಲಿದ್ದರೆ, ಮುಂದಿನ ಹಬ್ಬದವರೆಗೆ ಕಾಯಬೇಡಿರಿ. ನಾಳೆಯೇ ಹೋಗಿ ಅವರ ಮುಂದೆ ಕುಳಿತು ಅವರ ಹಾಡನ್ನು ಮುದ್ರಿಸಿಕೊಳ್ಳಿರಿ.